ಎಎಂನಲ್ಲಿ ಕರೆಂಟು ನಿಜಕ್ಕೂ ಎಲ್ಲಿಗೆ ಹೋಗುತ್ತದೆ?

ನನ್ನ ಎಎಂ (ದನಿಗೆ ತಕ್ಕಂತೆ ಅಲೆಯ ಎತ್ತರ ಏರಿಳಿಸುವ ರೇಡಿಯೋ ಪ್ರಸಾರ) ಟ್ರಾನ್ಸ್‌ಮಿಟರ್‌ಗೆ ಆಂಟೆನಾ ಬದಲು 50 ಓಮ್ ಡಮ್ಮಿ ಲೋಡ್ (ಕರೆಂಟನ್ನು ಬಿಸಿಯಾಗಿಸಿ ನುಂಗುವ ರೆಸಿಸ್ಟರ್), ಅದರ ಜೊತೆ ಕರೆಂಟು ಅಳೆಯುವ ಒಂದು ಥರ್ಮೋಕಪಲ್ ಆಮ್ಮೀಟರ್. ಮೈಕ್ ಮುಂದೆ ಯಾರೂ ಮಾತಾಡದಿದ್ದರೂ ಮುಳ್ಳು 1 ಆಂಪಿಯರ್ ತೋರಿಸುತ್ತಿತ್ತು. ಟೋನ್ (ಒಂದೇ ಸಮನಾದ ದನಿ) ಕೊಟ್ಟು ಮಾಡ್ಯುಲೇಷನ್, ಅಂದ್ರೆ ಅಲೆಯ ಏರಿಳಿತ, ಪೂರ್ತಿ 100 ಪರ್ಸೆಂಟ್‌ಗೆ ಏರಿಸಿದೆ. ಮುಳ್ಳು 1.22ರ ಹತ್ತಿರ ಹೋಗಿ ನಿಂತಿತು, ಅಷ್ಟೇ.

ಲೆಕ್ಕ ಹಾಕಿದರೆ ಹೊಟ್ಟೆ ಉರಿಯುತ್ತದೆ. ಕ್ಯಾರಿಯರ್ (ದನಿಯಿಲ್ಲದಾಗಲೂ ಹೋಗುವ ಮೂಲ ಅಲೆ) 50 ವ್ಯಾಟ್, ದನಿ ಸೇರಿದಾಗ ಅದರ ಎರಡು ಪಕ್ಕದಲ್ಲಿ ಹುಟ್ಟುವ ಎರಡೂ ಸೈಡ್‌ಬ್ಯಾಂಡ್ ಸೇರಿ 25. ಕೇಳಬೇಕಾದ ದನಿ ಇರುವುದು ಆ 25ರಲ್ಲಿ ಮಾತ್ರ, ಅದೂ ಒಂದೇ ಮಾತು ಎರಡು ಸಲ. ಮಾಡ್ಯುಲೇಷನ್ 30 ಪರ್ಸೆಂಟ್‌ಗೆ ಇಳಿದರಂತೂ ಸೈಡ್‌ಬ್ಯಾಂಡ್‌ಗೆ ಸಿಗುವುದು ಬರೀ 2.25 ವ್ಯಾಟ್!

ಹಾಗಾದ್ರೆ ಕ್ಯಾರಿಯರ್ ತೆಗೆದೇ ಬಿಡಬಹುದಲ್ವಾ? ತೆಗೆಯಬಹುದು, ಎಸ್‌ಎಸ್‌ಬಿ (ಒಂದೇ ಸೈಡ್‌ಬ್ಯಾಂಡ್ ಕಳಿಸುವ ವಿಧಾನ) ಮಾಡುವುದೇ ಅದನ್ನು. ಆದರೆ ಒಂದು ಡಯೋಡ್ ಇಟ್ಟುಕೊಂಡು ಕೇಳುವ ಸಾದಾ ರೇಡಿಯೋಗೆ ಕ್ಯಾರಿಯರ್ ಇಲ್ಲದೆ ದನಿ ಬಿಡಿಸಲು ಬರುವುದಿಲ್ಲ. ಆ ರೇಡಿಯೋಗಳನ್ನು ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ.

ಆಂಪ್ಲಿಫೈಯರ್ ಕಡೆ ಜನ ತುಂಬಾ ದುಡಿದಿದ್ದಾರೆ. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಎಂಜಿನಿಯರ್ ಡೊಹರ್ಟಿ ಎರಡು ವಾಲ್ವ್‌ಗಳಿಗೆ (ಹಳೇ ಕಾಲದ ಎಲೆಕ್ಟ್ರಾನ್ ಟ್ಯೂಬ್) ಕೆಲಸ ಹಂಚಿದರು, ಒಂದು ಯಾವಾಗಲೂ ದುಡಿಯುತ್ತದೆ, ಇನ್ನೊಂದು ಪೀಕ್ (ಅಲೆಯ ತುದಿ) ಬಂದಾಗ ಮಾತ್ರ ಎದ್ದು ಕೈಜೋಡಿಸುತ್ತದೆ. ಆಮೇಲೆ ಸ್ವಿಚ್‌ನಂತೆ ಆನ್-ಆಫ್ ಆಗಿ ಕೆಲಸ ಮಾಡುವ ಪಲ್ಸ್ ಮಾಡ್ಯುಲೇಷನ್, ಕ್ಲಾಸ್ ಡಿ ಎಲ್ಲ ಬಂದವು. ಬಿಸಿಯಾಗಿ ಹೋಗುವ ಕರೆಂಟು ಈಗ ಬಹಳ ಕಮ್ಮಿ. ಉಳಿದಿರುವುದು ಕ್ಯಾರಿಯರ್‌ದೇ ಖರ್ಚು.

ಅದಕ್ಕೆ ಉಪಾಯ, ದನಿ ನೋಡಿಕೊಂಡು ಕ್ಯಾರಿಯರ್ ಏರಿಸಿ ಇಳಿಸುವುದು. ಡಿಸಿಸಿ (ಡೈನಾಮಿಕ್ ಕ್ಯಾರಿಯರ್ ಕಂಟ್ರೋಲ್) ಅನ್ನುವ ವಿಧಾನದಲ್ಲಿ ದನಿ ಸಣ್ಣಗಾದಾಗ ಕ್ಯಾರಿಯರ್ ಇಳಿಯುತ್ತದೆ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ, ಆದರೆ ಸಿಗ್ನಲ್ ಕಮ್ಮಿಯಾದ ಕೂಡಲೇ ರೇಡಿಯೋದ ಎಜಿಸಿ (ಸಿಗ್ನಲ್ ಮಟ್ಟವನ್ನು ತಾನೇ ಸರಿಮಾಡುವ ಸರ್ಕ್ಯೂಟ್) ಗೇನ್, ಅಂದ್ರೆ ಸಿಗ್ನಲ್ ಹಿಗ್ಗಿಸುವ ಪ್ರಮಾಣ, ಏರಿಸುತ್ತದೆ, ಸದ್ದಿಲ್ಲದ ಹೊತ್ತಲ್ಲೇ ಗೊರಗೊರ ಜಾಸ್ತಿ ಕೇಳುತ್ತದೆ. ಬಿಬಿಸಿಯವರ ಎಎಂಸಿ (ಆಂಪ್ಲಿಟ್ಯೂಡ್ ಮಾಡ್ಯುಲೇಷನ್ ಕಂಪ್ಯಾಂಡಿಂಗ್) ಅನ್ನುವ ವಿಧಾನ ಇದನ್ನು ತಿರುಗಿಸಿತು. ಮೌನದಲ್ಲಿ ಪೂರ್ತಿ ಕ್ಯಾರಿಯರ್, ದನಿ ಜೋರಾದಾಗ ಕ್ಯಾರಿಯರ್, ಸೈಡ್‌ಬ್ಯಾಂಡ್ ಎರಡೂ ಒಟ್ಟಿಗೆ 3 ಡಿಬಿ ತನಕ, ಅಂದ್ರೆ ಸರಿಸುಮಾರು ಅರ್ಧಕ್ಕೆ, ಇಳಿಯುತ್ತವೆ. ತಗ್ಗಿದ ಮಟ್ಟವನ್ನು ಎಜಿಸಿ ತಾನೇ ಸರಿತೂಗಿಸುತ್ತದೆ, ಗೊರಗೊರ ಜೋರು ದನಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಉಳಿತಾಯವೂ ಖರ್ಚು ಜಾಸ್ತಿ ಇರುವ ಹೊತ್ತಲ್ಲೇ. ನನಗೆ ಇದೇ ಇಷ್ಟ.

ಆದರೂ ನಾನು ಮೊದಲು ಕಟ್ಟಿದ್ದು ಡಿಸಿಸಿ, ಅದು ಸುಲಭ ಅಂದುಕೊಂಡು. ಮಾತಿನ ನಡುವೆ ಥಟ್ಟನೆ ಒಂದು 'ಪ' ಬಂತು ನೋಡಿ, ಕ್ಯಾರಿಯರ್ ಏಳುವ ಮೊದಲೇ ದನಿ ಬಂದುಬಿಟ್ಟಿತ್ತು. ಸ್ಕೋಪ್ (ಅಲೆಯನ್ನು ಪರದೆಯಲ್ಲಿ ತೋರಿಸುವ ಉಪಕರಣ) ಮೇಲೆ ಎನ್ವಲಪ್, ಅಂದ್ರೆ ಅಲೆಯ ಹೊರಗೆರೆ, ಸೊನ್ನೆಗೆ ಬಡಿದು ಚಪ್ಪಟೆಯಾಯಿತು, ಕಿವಿಗೆ ಕರ್ರೆಂದಿತು. ಕೊನೆಗೆ ಆಡಿಯೋವನ್ನು ಕೆಲವು ಮಿಲಿಸೆಕೆಂಡ್ ತಡಮಾಡಿ ಕಳಿಸಿದೆ. ಈಗ 'ಪ' ಬರುವಷ್ಟರಲ್ಲಿ ಕ್ಯಾರಿಯರ್ ಎದ್ದು ನಿಂತಿರುತ್ತದೆ.