ಕಳೆದುಹೋದ ಕೇಸು

18 ನವೆಂಬರ್ 2023, ಶನಿವಾರ
ದಾವಣಗೆರೆ

ಮಧ್ಯಾಹ್ನ ದೊಡ್ಡಮ್ಮನ ಫೋನ್. "ನಿಮ್ಮ ದೊಡ್ಡಪ್ಪಂಗೆ ಮರೆವು ಶುರುವಾಗೈತಿ ಕಣೆ. ನಿನ್ನೆಯಿಂದ ಊಟ ಸೇರ್ತಿಲ್ಲ. ಯಾವುದೋ ಕೇಸು ಕಳೆದುಹೋಗೈತಿ, ಹುಡುಕಬೇಕು ಅಂತಾರೆ. ನೀನೇ ಬಂದು ನೋಡು." ಇಷ್ಟು ಹೇಳಿ ಇಟ್ಟುಬಿಟ್ಟರು. ಮೂರನೇ ಶನಿವಾರ, ಬ್ಯಾಂಕಿಗೆ ರಜೆ ಇಲ್ಲ. ಕೌಂಟರ್ ಮುಂದೆ ಬೆಳೆಸಾಲದವರು. ಮಳೆ ಕೈಕೊಟ್ಟ ವರ್ಷ, ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಅವರಿಗೆ ಏನು ಹೇಳಿದೆನೋ ನನಗೇ ನೆನಪಿಲ್ಲ.

ವಕೀಲರಾಗಿದ್ದ ದೊಡ್ಡಪ್ಪ ಕೋರ್ಟಿಗೆ ಹೋಗುವುದು ಬಿಟ್ಟು ವರ್ಷಗಳಾದವು. ಕಣ್ಣಿಗೆ ಗ್ಲಾಕೋಮಾ. ಮೊದಲು ಪಕ್ಕದ್ದು ಕಾಣುವುದು ಹೋಯಿತು, ಈಗ ನಡುವಿನದ್ದೂ ಮಸುಕು. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿಕೊಳ್ಳುತ್ತಾ ಇರಿ ಎಂದಿದ್ದಾರೆ ಡಾಕ್ಟರು. ಕಟ್ಲೆಗಳನ್ನೆಲ್ಲ ಜೂನಿಯರ್‌ಗಳಿಗೆ ಒಪ್ಪಿಸಿ ಕೈ ತೊಳೆದುಕೊಂಡ ಮನುಷ್ಯನಿಗೆ ಈಗ ಯಾವ ಕೇಸು ಕಳೆದುಹೋಯಿತು? ಅಜ್ಜಿ ಕೊನೆಗಾಲದಲ್ಲಿ ಇಲ್ಲದ ಎಮ್ಮೆಗೆ ಮೇವು ಹಾಕಿ ಬಾ ಅನ್ನುತ್ತಿದ್ದದ್ದು ನೆನಪಾಯಿತು. ಹೊಟ್ಟೆಯಲ್ಲಿ ಒಂಥರಾ ಆಯಿತು.

ಸಂಜೆ ರಾಮ್ ಅಂಡ್ ಕೋ ಸರ್ಕಲ್‌ನಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಪಿ.ಜೆ. ಬಡಾವಣೆಗೆ ಹೋದೆ. ದೊಡ್ಡಪ್ಪ ದೀಪ ಹಾಕದ ಕೋಣೆಯಲ್ಲಿ ಕೂತಿದ್ದರು. ದಿಂಬಿನ ಮೇಲೆ ಫೋನ್. ನನ್ನ ಚಪ್ಪಲಿ ಸದ್ದಿಗೇ ಗುರುತು ಹಿಡಿದರು.

"ಬಂದ್ಯಾ? ಕೂತ್ಕೋ. ಆ ಗಲ್ಲಿನ ಕೈದಿ ಕೇಸು ಎಲ್ಲಿ ಹೋತು ಹೇಳು."

ಆಗ ಹೊಳೆಯಿತು. ಆಡಿಯೋಬುಕ್! ನಗುವೂ ಬಂತು, ಅಳುವೂ ಬಂತು.

ದಸರಾ ಹೊತ್ತಿಗೆ ನಾನೇ ಹಾಕಿಕೊಟ್ಟಿದ್ದು. ವಕೀಲರ ಕಥೆ ಬರೆಯುವ ಅಮೇರಿಕಾದ ಕಾದಂಬರಿಕಾರ ಜಾನ್ ಗ್ರಿಶಮ್‌ನ ಹೊಸದು, 'ದಿ ಎಕ್ಸ್‌ಚೇಂಜ್'. ದೊಡ್ಡಪ್ಪ ಗ್ರಿಶಮ್ ಭಕ್ತರು. 1991ರ 'ದಿ ಫರ್ಮ್' ಅವರ ಕಪಾಟಿನಲ್ಲಿ ಈಗಲೂ ಇದೆ. 1993ರಲ್ಲಿ ಟಾಮ್ ಕ್ರೂಸ್‌ನ ಸಿನಿಮಾ ಬಂದಾಗ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕೊಂಡದ್ದು, ರಟ್ಟು ಕಿತ್ತು ಬಂದಿದೆ. ಬರೆದವನೂ ಮಿಸಿಸಿಪ್ಪಿಯ ಒಂದು ಸಣ್ಣ ಊರಿನಲ್ಲಿ ವಕೀಲಿಕೆ ಮಾಡಿದವನು. ಮೊದಲ ಕಾದಂಬರಿ 1989ರಲ್ಲಿ ಬಂದಾಗ ಅಚ್ಚಾದದ್ದು 5,000 ಪ್ರತಿ, ಅದರಲ್ಲಿ 1,000 ತಾನೇ ಕೊಂಡುಕೊಂಡನಂತೆ. ಈ ಕಥೆ ದೊಡ್ಡಪ್ಪನಿಗೆ ಬಹಳ ಇಷ್ಟ. ಸಣ್ಣ ಊರಿನ ವಕೀಲ ಅಂದರೆ ಅವರಿಗೆ ತಮ್ಮವನೇ.

ಹೊಸದು ಆ 'ದಿ ಫರ್ಮ್'ನ ಮುಂದುವರಿಕೆ. ಮೂವತ್ತೆರಡು ವರ್ಷ ಬಿಟ್ಟು ಬಂದದ್ದು, ಹೋದ ತಿಂಗಳು 17ಕ್ಕೆ ಬಿಡುಗಡೆ. ಅದೇ ಮಿಚ್ ಮೆಕ್‌ಡಿಯರ್, ಅದೇ ಹೆಂಡತಿ ಆ್ಯಬಿ. ಪುಸ್ತಕದ ಒಳಗೆ ಮಾತ್ರ ಹದಿನೈದೇ ವರ್ಷ ಕಳೆದಿದೆ, ಕಥೆ ನಡೆಯುವುದು 2005ರಲ್ಲಿ. ಅಕ್ಷರ ಕಾಣದವರಿಗೆ ಇದನ್ನು ಕಿವಿಗೆ ಹಾಕಿಕೊಟ್ಟೆ ಎಂದು ನಾನು ಬೀಗಿದ್ದೇ ಬೀಗಿದ್ದು.

ಓದಬೇಕು, ಕೇಳಬೇಕು ಅಂತಿರುವವರು ಮುಂದಿನ ನಾಲ್ಕು ಸಾಲು ಬಿಟ್ಟುಬಿಡಿ. ಕಥೆ ಶುರುವಾಗುವುದು ಮರಣದಂಡನೆ ಆದ ಒಬ್ಬ ಕೈದಿಯಿಂದ. ಅವನ ಪರವಾಗಿ ಫೀಸಿಲ್ಲದೆ ನಿಲ್ಲಲು ಮಿಚ್ ನ್ಯೂಯಾರ್ಕಿನಿಂದ ಮೆಂಫಿಸ್‌ಗೆ ಹೋಗುತ್ತಾನೆ. ಹೋಗುವಷ್ಟರಲ್ಲಿ ಕೈದಿ ಜೈಲಿನಲ್ಲೇ ಸತ್ತಿರುತ್ತಾನೆ. ಅಷ್ಟೇ. ಆಮೇಲೆ ಲಿಬಿಯಾ, ಮರಳುಗಾಡಿನಲ್ಲಿ ಗಡಾಫಿ ಕಟ್ಟಿಸಿದ ಸೇತುವೆ, ಬಾಕಿ ಹಣಕ್ಕೆ ಕಾದ ತುರ್ಕಿ ಕಂಪನಿ, ಒಬ್ಬ ಯುವ ವಕೀಲೆಯ ಅಪಹರಣ, ಹತ್ತು ಕೋಟಿ ಡಾಲರ್ ಒತ್ತೆಹಣ. ಉಳಿದದ್ದೆಲ್ಲ ಆ ದುಡ್ಡು ಹೊಂದಿಸುವ ಓಡಾಟ.

"ಜೈಲಲ್ಲಿ ಕೈದಿ ಸತ್ತ. ಸತ್ತದ್ದು ಹೆಂಗೆ ಅಂತ ಯಾರೋ ಒಬ್ಬ ಕೇಳಬೇಕಲ್ವಾ? ನಮ್ಮಲ್ಲಾದರೆ ಮ್ಯಾಜಿಸ್ಟ್ರೇಟ್ ವಿಚಾರಣೆ ಐತಿ. ಇಷ್ಟು ದೊಡ್ಡ ಬರಹಗಾರ, ಸುಮ್ನೆ ಸಾಯಿಸ್ತಾನಾ? ಮುಂದೆ ಎಲ್ಲೋ ತಂದೇ ತರ್ತಾನೆ ಅಂತ ಕಾದೆ. ಪುಸ್ತಕ ಮುಗಿದೇ ಹೋತು. ಅಂದ್ರೆ ನಡುವೆ ಎಲ್ಲೋ ನಿದ್ದೆ ಹೊಡೆದಿದ್ದೀನಿ."

ಅದಕ್ಕೇ ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾರೆ. ರಾತ್ರಿಯೆಲ್ಲ. ಕೋರ್ಟ್ ಸೀನ್ ಬರುತ್ತದೆ, ತನಗೆ ತಪ್ಪಿಹೋಗಿದೆ ಅಂತ. ಕಾಣದ ಬೆರಳಿನಲ್ಲಿ ಆ ಗುಂಡಿ ಒತ್ತಿ, ಎಲ್ಲೆಲ್ಲೋ ಹೋಗಿ, ಮತ್ತೆ ಲಿಬಿಯಾಕ್ಕೇ ಬಂದು ಬೀಳುವುದು. ಕೊನೆಗೆ ದೊಡ್ಡಮ್ಮನ ಮೇಲೆ ರೇಗುವುದು.

ಕೈಯಲ್ಲಿ ಪುಸ್ತಕ ಇದ್ದರೆ ಹೀಗಾಗುವುದಿಲ್ಲ. ಬೇಜಾರಾದರೆ ನಾಲ್ಕು ಪುಟ ಹಾರಿಸುತ್ತೇವೆ, ಅನುಮಾನ ಬಂದರೆ ಹಿಂದಕ್ಕೆ ತಿರುವಿ ಕಣ್ಣಾಡಿಸುತ್ತೇವೆ, ತಪ್ಪು ಬರೆದವನದೋ ನಮ್ಮದೋ ಐದು ನಿಮಿಷಕ್ಕೆ ಗೊತ್ತಾಗುತ್ತದೆ. ಕಿವಿಯಲ್ಲಿ ಕೇಳುವವನಿಗೆ ಆ ದಾರಿ ಇಲ್ಲ. ಅವನು ಮೊದಲು ಅನುಮಾನಪಡುವುದು ತನ್ನ ಮೇಲೆ. ನಿದ್ದೆ ಬಂತೇನೋ, ಕಿವಿ ಮಂದವಾಯಿತೇನೋ, ತಲೆಯೇ ಹೋಯಿತೇನೋ. ಅದೂ ಎಪ್ಪತ್ತೆಂಟರ ವಯಸ್ಸಿನಲ್ಲಿ, ಕಣ್ಣು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿರುವಾಗ.

ನಾನು ಫೋನ್ ತೆಗೆದು ಕೇಳುಗರ ಅಭಿಪ್ರಾಯಗಳನ್ನು ಒಂದೊಂದಾಗಿ ಕನ್ನಡ ಮಾಡಿ ಓದತೊಡಗಿದೆ. ಆ ಕೈದಿಯ ಎಳೆ ಎಲ್ಲಿ ಹೋಯಿತು ಎಂದು ಕೇಳಿದವರು ಬೇಕಾದಷ್ಟು ಜನ. ಮುಂದುವರಿಕೆ ಅನ್ನುವುದು ಹೆಸರಿಗೆ ಮಾತ್ರ ಎಂದವರು, ಕೋರ್ಟೇ ಇಲ್ಲ ಎಂದವರು, ಕೊನೆ ಸಪ್ಪೆ ಎಂದವರು. ಚೆನ್ನಾಗಿದೆ ಎಂದವರೂ ಇದ್ದಾರೆ, ಅದನ್ನೂ ಓದಿದೆ. ದೊಡ್ಡಪ್ಪನ ಮುಖ ನೋಡಬೇಕಿತ್ತು!

"ಅಂದ್ರೆ ಅಮೇರಿಕಾದೋರಿಗೂ ಸಿಗಲಿಲ್ವಾ ಆ ಕೇಸು?"

"ಇಲ್ಲ ದೊಡ್ಡಪ್ಪ. ಅದು ಇಲ್ಲವೇ ಇಲ್ಲ."

"ಲೇ ಇವಳೇ, ಕೇಳಿದ್ಯಾ? ನನ್ನ ತಲೆ ಸರಿ ಐತಿ! ತಲೆ ಹೋಗಿದ್ದು ಅವನದು! ಆ ಮಿರ್ಚಿ ಇಲ್ಲಿ ಕೊಡು."

ಮಿರ್ಚಿ ಖಾಲಿ. ಒಂದು ಪುಸ್ತಕ ಚೆನ್ನಾಗಿಲ್ಲ ಎಂದು ಗೊತ್ತಾಗಿ ಇಷ್ಟು ಖುಷಿಪಟ್ಟವರನ್ನು ನಾನಂತೂ ನೋಡಿಲ್ಲ. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಈರುಳ್ಳಿ ಹೆಚ್ಚುತ್ತಿದ್ದೆ ಅಂದರು. ಇರಲಿ.

ಓದಿದವನ ತಪ್ಪಿಲ್ಲ ಎಂದು ದೊಡ್ಡಪ್ಪ ಒತ್ತಿ ಹೇಳಿದರು. ಓದಿರುವವನು ಸ್ಕಾಟ್ ಬ್ರಿಕ್, ನೂರಾರು ಪುಸ್ತಕಕ್ಕೆ ಧ್ವನಿ ಕೊಟ್ಟವನು. ಭದ್ರಾವತಿ ಆಕಾಶವಾಣಿಯ ನಾಟಕ ಕೇಳಿ ಪಳಗಿದ ಕಿವಿ ದೊಡ್ಡಪ್ಪನದು, ಸುಲಭಕ್ಕೆ ಯಾರನ್ನೂ ಹೊಗಳುವುದಿಲ್ಲ. "ಪಾಪ, ಅವನು ಏನೋ ಆಗುತ್ತೆ ಏನೋ ಆಗುತ್ತೆ ಅನ್ನೋ ಹಂಗೆ ಓದ್ತಾನೆ. ಆಗೋದೇ ಇಲ್ಲ."

ನಾನು ಸುಮ್ಮನಿರದೆ ಒಂದು ತಕರಾರು ತೆಗೆದೆ. 'ದಿ ಫರ್ಮ್'ನಲ್ಲೂ ಕೋರ್ಟ್ ಇಲ್ಲವಲ್ಲ, ಆಗ ಯಾಕೆ ಇಷ್ಟವಾಯಿತು? ಅದು ಹೌದು, ಅಲ್ಲಿ ಒಂದು ವಾದವೂ ನಡೆಯುವುದಿಲ್ಲ.

"ಅಲ್ಲಿ ಹುಡುಗ ಹೆದರಿದ್ದನಮ್ಮ. ಈ ಕಡೆ ಮಾಫಿಯಾ, ಆ ಕಡೆ ಪೊಲೀಸು, ನಡುವೆ ಸಾಲ ಮಾಡಿ ಓದಿದ ಹುಡುಗ. ಅವನ ಜೀವ ಹೋಗೋದಿತ್ತು. ಇಲ್ಲಿ ಜೀವ ಹೋಗೋದು ಬೇರೆ ಯಾರದೋ. ಇವನು ಸ್ವಂತ ವಿಮಾನದಲ್ಲಿ ಓಡಾಡ್ಕೊಂಡು, ಒಳ್ಳೊಳ್ಳೆ ಹೋಟೆಲಲ್ಲಿ ಉಂಡ್ಕೊಂಡು, ದುಡ್ಡು ಕೇಳ್ತಾನೆ. ಅದಕ್ಕೆ ವಕೀಲ ಯಾಕೆ, ನಿಮ್ಮ ಬ್ಯಾಂಕ್ ಮ್ಯಾನೇಜರ್ ಸಾಕು."

ನನ್ನ ಮ್ಯಾನೇಜರ್ ಲಿಬಿಯಾದಲ್ಲಿ. ಯೋಚಿಸಿಯೇ ನಗು ಬಂತು.

ಮಾತು ಅಲ್ಲಿಗೆ ಮುಗಿಯಬೇಕಿತ್ತು. ನಾನು ಎದ್ದೂ ಆಗಿತ್ತು. ಆಗ ದೊಡ್ಡಪ್ಪ ತಾವಾಗಿಯೇ ಶುರು ಮಾಡಿದರು.

"ನಮ್ಮ ಕೋರ್ಟಲ್ಲಿ ಸಾಕ್ಷಿ ಹೆಂಗೆ ಬರ್ಕೋತಾರೆ ಗೊತ್ತಾ ನಿಂಗೆ? ನಾನು ಪಾಟೀ ಸವಾಲಲ್ಲಿ ಎದುರು ಪಕ್ಷದ ಸಾಕ್ಷಿಗೆ ಪ್ರಶ್ನೆ ಕೇಳ್ತೀನಿ. ಸಾಕ್ಷಿ ಉತ್ತರ ಹೇಳ್ತಾನೆ. ಜಡ್ಜು ಎರಡನ್ನೂ ಸೇರಿಸಿ ಒಂದು ವಾಕ್ಯ ಮಾಡಿ ಟೈಪಿಸ್ಟ್‌ಗೆ ಹೇಳ್ತಾರೆ. 'ನಾನು ಆ ದಿನ ಹರಿಹರದಲ್ಲಿ ಇರಲಿಲ್ಲ ಎಂದರೆ ಸರಿಯಲ್ಲ.' ಹಿಂಗೆ. ಪುಟಗಟ್ಟಲೆ ಸರಿಯಲ್ಲ, ಸರಿಯಲ್ಲ, ಸರಿ, ನೆನಪಿಲ್ಲ. ಕೊನೆಗೆ ಒಂದು 'ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.' ಮುಗೀತು. ಎಲ್ಲಾ ಸಾಕ್ಷಿಯವನೇ ಹೇಳಿದಂಗೆ. ನನ್ನ ಪ್ರಶ್ನೆ ಎಲ್ಲೈತಿ?"

ನಾನು ಮತ್ತೆ ಕೂತೆ.

"ಒಂದು ಪ್ರಶ್ನೆ ಯಾವಾಗ ಕೇಳಬೇಕು, ಯಾವ ದನಿಯಲ್ಲಿ ಕೇಳಬೇಕು, ಕೇಳಿ ಎಷ್ಟು ಹೊತ್ತು ಸುಮ್ಮನಿರಬೇಕು. ರಾತ್ರಿಯೆಲ್ಲ ಯೋಚನೆ ಮಾಡ್ತಿದ್ದೆ. ಚಿತ್ರದುರ್ಗದ ಕೋರ್ಟಲ್ಲಿ ಒಬ್ಬ ಸಾಕ್ಷಿ ನನ್ನ ಪ್ರಶ್ನೆ ಕೇಳಿ ನೀರು ಕೇಳಿದ್ದ. ಇಡೀ ಹಾಲ್ ಗಪ್ಪಾಗಿತ್ತು. ರೆಕಾರ್ಡ್ ತೆಗೆದು ನೋಡು, 'ನೆನಪಿಲ್ಲ' ಅಂತ ಒಂದು ಸಾಲು. ನಲವತ್ತು ವರ್ಷ ಪ್ರಶ್ನೆ ಕೇಳಿದವನು ನಾನು. ಒಂದು ಪ್ರಶ್ನೆನೂ ಎಲ್ಲೂ ಉಳಿದಿಲ್ಲ."

ದಾವಣಗೆರೆ ಆಗಿನ್ನೂ ಜಿಲ್ಲೆ ಆಗಿರಲಿಲ್ಲ. ಅದಾದದ್ದು 1997ರ ಆಗಸ್ಟ್ 15ಕ್ಕೆ. ಅಲ್ಲಿಯವರೆಗೆ ದೊಡ್ಡ ಕೇಸಿಗೆಲ್ಲ ದುರ್ಗದ ಬಸ್ ಹತ್ತಬೇಕು. ಮುಂಜಾನೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ತುಟಿ ಅಲ್ಲಾಡಿಸುತ್ತಾ ಇರುತ್ತಿದ್ದರು, ಮಂತ್ರ ಹೇಳ್ತಾರೆ ಅಂದುಕೊಂಡಿದ್ದೆ ಎಂದು ಅಪ್ಪ ಹೇಳುತ್ತಿದ್ದರು. ಮಂತ್ರ ಅಲ್ಲ, ಪ್ರಶ್ನೆ.

ಅದಕ್ಕೇ ಇವರಿಗೆ ಆ ಕಾದಂಬರಿಗಳ ಹುಚ್ಚು. ಅಲ್ಲಿ ಪ್ರಶ್ನೆ ಹಾಗೇ ಇರುತ್ತದೆ, ಕೊಟೇಶನ್ ಗುರುತಿನ ಒಳಗೆ. ಟಿ.ಎನ್. ಸೀತಾರಾಂ ಅವರ 'ಮುಕ್ತ' ಧಾರಾವಾಹಿಯಲ್ಲಿ ವಕೀಲ ಸಿ.ಎಸ್.ಪಿ. ಕೋರ್ಟಿಗೆ ಬರುವ ದಿನ ಈ ಮನೆಯಲ್ಲಿ ಊಟವೇ ತಡವಾಗುತ್ತಿತ್ತು. ಕಾನೂನು ತಪ್ಪು ಹೇಳ್ತಾರೆ ಎಂದು ಬೈದುಕೊಂಡೇ ನೋಡುವುದು. ಈಗ ಓದಲು ಕಣ್ಣಿಲ್ಲ. ಕಿವಿಯಲ್ಲಾದರೂ ಒಬ್ಬ ವಕೀಲ ಎದ್ದು ನಿಂತು ಒಂದು ಒಳ್ಳೆಯ ಪ್ರಶ್ನೆ ಕೇಳಲಿ ಎಂದು ರಾತ್ರಿಯೆಲ್ಲ ಹುಡುಕಿದ್ದಾರೆ.

ಗ್ರಿಶಮ್ ಮೇಲೆ ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ. ದೂರದ ಊರಿನ ಒಬ್ಬ ಮುದುಕನನ್ನು ಎಣಿಸಿ ಯಾರೂ ಬರೆಯುವುದಿಲ್ಲ, ಗೊತ್ತು. ಆದರೂ ಒಬ್ಬ ಕೈದಿಯನ್ನು ತಂದು ನಿಲ್ಲಿಸಿದ ಮೇಲೆ ಅವನ ಬಗ್ಗೆ ಒಂದು ಪ್ರಶ್ನೆ ಕೇಳಿಸಬಾರದಾ? ಹಳೆಯ ಹೆಸರಿನ ಮೇಲೆ ಮಾರಾಟ ಆಗುತ್ತದೆ ಎಂದು ಮಿಚ್‌ನನ್ನು ಮತ್ತೆ ಕರೆತಂದದ್ದು ಎಂದೇ ನನಗನ್ನಿಸುತ್ತದೆ. ಅವನ ಜಾಗದಲ್ಲಿ ಬೇರೆ ಯಾವ ವಕೀಲನನ್ನಿಟ್ಟರೂ ಈ ಕಥೆ ಹೀಗೇ ನಡೆಯುತ್ತದೆ.

ಕೇಳಿ ಇಷ್ಟವಾಗದಿದ್ದರೆ ವಾಪಸ್ ಮಾಡಬಹುದು ದೊಡ್ಡಪ್ಪ, ಬೇರೆ ತಗೋಬಹುದು ಎಂದೆ. ಒಪ್ಪಲಿಲ್ಲ. ಬೆಣ್ಣೆದೋಸೆ ಪೂರ್ತಿ ತಿಂದು ಬೆಣ್ಣೆ ಕಮ್ಮಿ ಇತ್ತು, ದುಡ್ಡು ಕೊಡಲ್ಲ ಅಂದ್ರೆ ಯಾವ ನ್ಯಾಯ ಅಂತ ನನಗೇ ಬೈದರು. ಆಮೇಲೆ ಆಗಸ್ಟಿನಲ್ಲಿ ಸಂಸತ್ತಿಗೆ ಬಂದ ಹೊಸ ಕಾನೂನುಗಳ ಕಡೆ ಮಾತು ಹೊರಳಿತು. 1872ರ ಸಾಕ್ಷ್ಯ ಕಾಯ್ದೆಯೇ ಹೋಗುತ್ತದಂತೆ, ಕಲಂ ನಂಬರ್ ಎಲ್ಲಾ ಬದಲು. "138 ಅಂದ್ರೆ ನನಗೆ ಪಾಟೀ ಸವಾಲು. ಈಗಿನ ಹುಡುಗರನ್ನ ಕೇಳು, ಬೇರೆ ಕಾಯ್ದೆಯ 138 ಹಿಡಿದು ಚೆಕ್ ಬೌನ್ಸ್ ಅಂತಾರೆ. ಇನ್ನು ಮೇಲೆ ನನ್ನ 138 ಇಲ್ಲ." ಇದನ್ನು ನಗುತ್ತಲೇ ಹೇಳಿದರು.

ಹೊರಡುವಾಗ ಹಳೆಯದು ಯಾವುದಾದರೂ ಹಾಕಿಕೊಡು ಅಂದರು, ಕೋರ್ಟ್ ಇರೋದು, ಜಾಸ್ತಿ ವಿಮಾನ ಇಲ್ಲದ್ದು. ಗ್ರಿಶಮ್ ಬರೆದ ಮೊದಲ ಕಾದಂಬರಿ, 'ಎ ಟೈಮ್ ಟು ಕಿಲ್', ಅದನ್ನೇ ಹಾಕಿಕೊಟ್ಟಿದ್ದೇನೆ. ಅದರಲ್ಲಿ ತೀರ್ಪುಗಾರರ ಮುಂದೆ ನಡೆಯುವ ವಾದ ದಂಡಿಯಾಗಿ ಇದೆ. ಆದರೆ ವಿಷಯ ಒಂದು ಮಗುವಿನ ಮೇಲಿನ ಅತ್ಯಾಚಾರ. ರಾತ್ರಿ ಹೊತ್ತು ಒಬ್ಬರೇ ಕೇಳುವಾಗ ಹೇಗೋ ಏನೋ.

ನಾಳೆ ವಿಶ್ವಕಪ್ ಕ್ರಿಕೆಟ್ ಫೈನಲ್. ತಮ್ಮ ಆಗಲೇ ಕುಣಿಯುತ್ತಿದ್ದಾನೆ, ಶಮಿ ಸೆಮಿಫೈನಲ್‌ನಲ್ಲಿ ಏಳು ವಿಕೆಟ್ ಕಿತ್ತ ಮೇಲೆ ಇವನಿಗೆ ಅಹಮದಾಬಾದಿನಲ್ಲಿ ಗೆದ್ದೇ ಆಗಿದೆ. ಎಲ್ಲರೂ ಪಿ.ಜೆ. ಬಡಾವಣೆಯಲ್ಲೇ ಸೇರುವುದು ಅಂತ ಮಾತಾಗಿದೆ. ದೊಡ್ಡಪ್ಪನಿಗೆ ಟಿವಿ ಬೇಡವಂತೆ, ರೇಡಿಯೋ ಕಾಮೆಂಟರಿ ಬೇಕಂತೆ. ಎರಡೂ ಒಟ್ಟಿಗೆ ಹಾಕಿದರೆ ಒಂದು ಮುಂದೆ ಒಂದು ಹಿಂದೆ ಬಂದು, ಅವರು ಔಟ್ ಅಂದಾಗ ನಮಗಿನ್ನೂ ಬಾಲೇ ಹಾಕಿರುವುದಿಲ್ಲ.

ಸೋಮವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಕಣ್ಣಿನೊಳಗಿನ ಒತ್ತಡ ಎಷ್ಟಿದೆ ನೋಡಬೇಕಂತೆ. ದೊಡ್ಡಮ್ಮ ಒಬ್ಬರ ಕೈಲಿ ಆಗುವುದಿಲ್ಲ. ರಜೆ ಕೇಳಿದರೆ ಈ ವಾರ ಬೇಡ ಅನ್ನುತ್ತಾರೆ, ಅರ್ಧ ದಿನ ಅಂತ ಕೇಳಿದರೆ ಒಪ್ಪಬಹುದು, ಆದರೆ ಆ ಸಾಲದ ಫೈಲುಗಳು ನನ್ನ ಟೇಬಲ್ ಮೇಲೇ ಇವೆ, ಅದನ್ನು ಯಾರಿಗೆ ಒಪ್ಪಿಸಲಿ?