ಅಂಗನವಾಡಿಗೆ ಸೇರ್ಸೋಕೆ ಬಿಪಿಎಲ್ ಕಾರ್ಡ್ ಬೇಕಿಲ್ಲ

ಜೂನ್ 12, 2025, ಗುರುವಾರ

ಪಕ್ಕದ ಸೈಟಲ್ಲಿ ಗಾರೆ ಕೆಲಸಕ್ಕೆ ಬಂದಿರೋ ಯಾದಗಿರಿ ಕಡೆ ಹೆಣ್ಮಗಳು ಇವತ್ತು ಕೇಳಿದ್ಲು, "ಅಕ್ಕಾ, ನನ್ನ ಮಗನ್ನ ಅಂಗನವಾಡ್ಯಾಗ ತಗೋತಾರೇನ್ರಿ, ನಮ್ಮ ರೇಷನ್ ಕಾರ್ಡ್ ಊರಾಗೈತಿ" ಅಂತ.

ತಗೊಳ್ಳೇಬೇಕು. ಅಂಗನವಾಡಿಗೆ ಬಿಪಿಎಲ್ ಕಾರ್ಡೂ ಬೇಡ, ಆದಾಯದ ಸರ್ಟಿಫಿಕೇಟೂ ಬೇಡ, ಆರು ವರ್ಷದೊಳಗಿನ ಯಾರ ಮಗು ಆದ್ರೂ ಸರಿ, ಆರು ತಿಂಗಳಿಂದ ಮೂರು ವರ್ಷದವಕ್ಕೆ ಆಹಾರ ಮನೆಗೆ ಕೊಡ್ತಾರೆ, ಮೂರು ತುಂಬಿದವು ಅಲ್ಲೇ ಕೂತು ಆಡಿ ಕಲ್ತು ಬಿಸಿಯೂಟ ಮಾಡ್ತವೆ. ಮಗುಗೆ ಆಧಾರ್ ಆಗಿಲ್ಲಾಂದ್ರೂ ಅಂಗನವಾಡಿಯವರು ಮಕ್ಕಳ ಹೆಸರು ದಾಖಲಿಸೋ ಪೋಷಣ್ ಟ್ರ್ಯಾಕರ್ ಆ್ಯಪಲ್ಲಿ ತಾಯಿ ಆಧಾರ್ ಹಾಕಿ ಹೆಸರು ಸೇರಿಸ್ಬೋದು. 2013ರ ಆಹಾರ ಭದ್ರತಾ ಕಾಯ್ದೆನೇ ಈ ಮಕ್ಕಳಿಗೆ ಪೌಷ್ಟಿಕ ಆಹಾರ ಕೊಡ್ಬೇಕು ಅಂತ ಬರೆದಿಟ್ಟಿದೆ. ಇದು ಯಾರೋ ಕೊಡೋ ದಾನ ಅಲ್ಲ, ಹಕ್ಕು.

ಸಂಜೆಗೆ ಮುಂಚೆನೇ ಅವಳನ್ನ ಕರ್ಕೊಂಡು ಹೋದೆ, ಟೀಚರ್ ತಕ್ಷಣ ಹೆಸರು ಬರ್ಕೊಂಡ್ರು. ಆದ್ರೆ ಆ ಜಾಗ ನೋಡಿ ಹೊಟ್ಟೆ ಉರೀತು. ಬಾಡಿಗೆದು ಒಂದೇ ರೂಮು, ಒಂದು ಮೂಲೇಲಿ ಗ್ಯಾಸ್ ಸ್ಟವ್ವು, ಅದರ ಮುಂದೆ ಸಹಾಯಕಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳ್ದಿದಾರೆ, ಮಕ್ಕಳು ದಾಟಬಾರ್ದು ಅಂತ. ಪಾಪ ದಾಟಲ್ಲ, ಗೆರೆ ಅಂಚಿಗೇ ಚಾಪೆ ಹಾಕ್ಕೊಂಡು ಕೂತಿರ್ತವೆ. ಟಾಯ್ಲೆಟ್ಟಿಗೆ ಓನರ್ ಮನೆ ಹಿಂದಕ್ಕೆ ಹೋಗ್ಬೇಕು. ಕೇಂದ್ರ ಸರ್ಕಾರದ ಮಾನದಂಡದಲ್ಲಿ ಕಟ್ಟಡ ಕನಿಷ್ಠ 600 ಚದರ ಅಡಿ, ಬೇರೆ ಅಡುಗೆಮನೆ, ಸ್ಟೋರು, ಮಕ್ಕಳ ಅಳತೆಯ ಶೌಚಾಲಯ, ಕುಡಿಯೋ ನೀರು, ಆಡೋಕೆ ಜಾಗ ಎಲ್ಲಾ ಇದೆ. 1975ರಲ್ಲಿ ಅಂಗನವಾಡಿಗಳನ್ನ ನಡೆಸೋ ಐಸಿಡಿಎಸ್ ಯೋಜನೆ ಶುರುವಾದಾಗ ದೇಶದ ಮೊದಲ 33 ಪ್ರಾಜೆಕ್ಟಲ್ಲಿ ನಮ್ಮ ಟಿ. ನರಸೀಪುರನೂ ಒಂದು, ಇಷ್ಟು ಹಳೇ ಯೋಜನೆಗೆ ಇನ್ನೂ ಸ್ವಂತ ಸೂರಿಲ್ಲದ ಕೇಂದ್ರಗಳಿವೆ ಅಂದ್ರೆ ಹೆಂಗೆ? ಟೀಚರಮ್ಮನ್ನ ಬೈಯೋದ್ರಲ್ಲಿ ಅರ್ಥ ಇಲ್ಲ, ಅವ್ರು ಇರೋದ್ರಲ್ಲೇ ತೂಗಿಸ್ತಿದಾರೆ.

ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರ್ಬೇಕು ಅನ್ನೋ ರೂಲ್ ಬೇರೆ ಬಂದಿದೆ, 2025-26ಕ್ಕೆ ಅದನ್ನ 5 ವರ್ಷ 5 ತಿಂಗಳಿಗೆ ಇಳಿಸಿದ್ರು, ಮುಂದಕ್ಕೆ ದೊಡ್ಡ ಮಕ್ಕಳೂ ಇದೇ ರೂಮಲ್ಲಿ ಉಳೀತವೆ.

ಹಿಂದಿನ ಶೆಡ್ ಸಾಲಲ್ಲಿ ಅಂಗನವಾಡಿನೇ ಇಲ್ಲ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿರೋ ಹಳ್ಳಿ, ಸ್ಲಮ್ಮಿನವರು ಕೇಳಿದ ಮೂರು ತಿಂಗಳೊಳಗೆ ಕೇಂದ್ರ ತೆರೀಬೇಕು ಅಂತ 2006ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮಕ್ಕಳ ಹೆಸರು, ವಯಸ್ಸು ಬರೆಯೋಕೆ ಶುರು ಮಾಡಿದೀವಿ, ಪಟ್ಟಿ ಆದ್ಮೇಲೆ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಆಫೀಸಿಗೆ ಅರ್ಜಿ. ಏರಿಯಾದವರು ಯಾರಾದ್ರೂ ಇದನ್ನ ಓದ್ತಿದ್ರೆ ಭಾನುವಾರ ಬೆಳಗ್ಗೆ ಶೆಡ್ ಹತ್ರ ಬನ್ನಿ, ಮನೆಮನೆಗೆ ಹೋಗೋಕೆ ಜನ ಬೇಕು.