ಸಾಕ್ಷಿಯ ಮಾತಿನಲ್ಲಿದ್ದ ‘ಅಂತೆ’

ಕೆಳ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಸಾಕ್ಷ್ಯವನ್ನು ಹೈಕೋರ್ಟಿನ ಮೇಲ್ಮನವಿಗಾಗಿ ಇಂಗ್ಲಿಷಿಗೆ ಅನುವಾದಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಮೊದಲ ವರ್ಷ, ಪಾಲಿನ ದಾವೆಯೊಂದರ ಪಾಟೀಸವಾಲಿನಲ್ಲಿ ಸಾಕ್ಷಿಯೊಬ್ಬರು ಹೇಳಿದ್ದ ‘ಅಣ್ಣತಮ್ಮಂದಿರಲ್ಲಿ ಮೊದಲೇ ಪಾಲಾಗಿತ್ತಂತೆ’ ಎಂಬ ಮಾತನ್ನು, ಪಾಲು ಆಗಿಯೇ ಹೋಗಿತ್ತು ಎಂಬ ಅರ್ಥ ಬರುವಂತೆ ಅನುವಾದಿಸಿದ್ದೆ. ಕರಡನ್ನು ತಿದ್ದುತ್ತಿದ್ದ ಹಿರಿಯ ಅನುವಾದಕಿ ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಇಲ್ಲಿದ್ದ ಅಂತೆ ಎಲ್ಲಿ ಹೋಯಿತು, ನೋಡಿ’ ಎಂದರು. ಮೌಖಿಕ ಸಾಕ್ಷ್ಯ ನೇರವಾಗಿಯೇ ಇರಬೇಕು, ಕಂಡ ಸಂಗತಿಯನ್ನು ಕಂಡವರೇ ಹೇಳಬೇಕು ಎಂಬುದು 2024ರವರೆಗೆ ಜಾರಿಯಲ್ಲಿದ್ದ 1872ರ ಸಾಕ್ಷ್ಯ ಅಧಿನಿಯಮದ 60ನೇ ಕಲಮಿನ ಸಾರವಾಗಿತ್ತು. ನಾನು ಬಿಟ್ಟ ಒಂದು ಸಣ್ಣ ಪ್ರತ್ಯಯದಿಂದ, ಯಾರದೋ ಬಾಯಿಂದ ಕೇಳಿದ ಮಾತು ಕಣ್ಣಾರೆ ಕಂಡದ್ದಾಗಿಬಿಟ್ಟಿತ್ತು.

ಇಂತಹ ಮಾತಿಗೆ ಇಂಗ್ಲಿಷಿನಲ್ಲಿರುವ ಹೆಸರು ‘ಹಿಯರ್‌ಸೇ’. ಕೇಳು, ಹೇಳು ಎಂಬ ಎರಡು ಕ್ರಿಯೆಗಳನ್ನು ಹಳೆಯ ಫ್ರೆಂಚ್ ನುಡಿಗಟ್ಟೊಂದರ ಅಚ್ಚಿನಲ್ಲಿ ಜೋಡಿಸಿ ಆ ಪದ ಹುಟ್ಟಿದೆ. ನಾವು ದಿನವೂ ಬಳಸುವ ‘ವದಂತಿ’ಯ ಮೂಲ ಸಂಸ್ಕೃತದ ಒಂದು ಕ್ರಿಯಾಪದವಾಗಿದ್ದು, ಅದರ ಅರ್ಥ ‘ಹೇಳುತ್ತಾರೆ’ ಎಂದಷ್ಟೇ. ಹೇಳುವವರು ಯಾರೆಂಬುದು ಅದರಲ್ಲಿಲ್ಲ. ಕನ್ನಡದ ‘ಅಂತೆ’ಯಲ್ಲೂ ಇಲ್ಲ. ಆ ಹೆಸರಿಲ್ಲದವರನ್ನು ಅನುವಾದದಲ್ಲೂ ಉಳಿಸಿಕೊಳ್ಳಬೇಕೆಂಬುದು ಅಂದು ನನಗೆ ಮನವರಿಕೆಯಾಯಿತು.

ಅಲ್ಲಿಂದ ಮುಂದೆ ಮಾತಿಗೆ ಸಂಬಂಧಿಸಿದ ಇಂಗ್ಲಿಷ್ ಪದಗಳನ್ನು, ತೀರಾ ಪರಿಚಿತವಾದವನ್ನು ಕೂಡ, ನಿಘಂಟಿನಲ್ಲಿ ನೋಡಿಯೇ ಬಳಸತೊಡಗಿದೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ ಪದ ‘ಆನ್ಸರ್’. ಹಳೆಯ ಇಂಗ್ಲಿಷಿನಲ್ಲಿ ಅದು ‘ಆಂಡ್‌ಸ್ವಾರು’. ಮೊದಲ ಭಾಗಕ್ಕೆ ‘ಎದುರು’ ಎಂದರ್ಥ, ಎರಡನೆಯದು ಆಣೆ ಮಾಡುವುದು ಎಂಬರ್ಥದ ‘ಸ್ವೇರ್’ ಪದದ ಬಂಧು. ಅಂದರೆ ಆನ್ಸರ್ ಎಂಬುದು ಮೂಲದಲ್ಲಿ ಆರೋಪಕ್ಕೆ ಎದುರಾಗಿ ಪ್ರಮಾಣ ಮಾಡಿ ಆಡಿದ ಮಾತು. ‘ರೆಸ್ಪಾಂಡ್’ ಎಂಬುದರ ಲ್ಯಾಟಿನ್ ಮೂಲದಲ್ಲೂ ವಚನ ಕೊಡುವ ಅರ್ಥವೇ ಇದೆ, ಮೇಲ್ಮನವಿಯ ಎದುರುದಾರರನ್ನು ‘ರೆಸ್ಪಾಂಡೆಂಟ್’ ಎನ್ನುವುದು ಅದರಿಂದಲೇ. ನಮ್ಮಲ್ಲಿ ‘ಜವಾಬು’ ಕೊಡಬೇಕಾದವನಿಗೆ ‘ಜವಾಬ್ದಾರಿ’ ಬರುವುದನ್ನು ನೆನೆದಾಗ, ಇಷ್ಟು ದೂರದ ಭಾಷೆಗಳು ಉತ್ತರವನ್ನೂ ಹೊಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಿರುವುದು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

‘ತೀರ್ಪು’ ಎಂದಿದ್ದಲ್ಲೆಲ್ಲ ನಾನು ‘ವರ್ಡಿಕ್ಟ್’ ಎಂದು ಬರೆಯುತ್ತಿದ್ದುದೂ ಆಗಲೇ ನಿಂತಿತು. ಆ ಪದದ ಮೂಲಾರ್ಥ ‘ನಿಜವಾಗಿ ನುಡಿದದ್ದು’. ಅದನ್ನು ನುಡಿಯುವವರು ಪ್ರಮಾಣ ಮಾಡಿದ ಜ್ಯೂರಿಗಳು. ನಮ್ಮ ದೇಶದಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯ ಹೊತ್ತಿಗೆ ಜ್ಯೂರಿ ವಿಚಾರಣೆಗೆ ಸ್ಥಾನವೇ ಉಳಿದಿರಲಿಲ್ಲವಾದ್ದರಿಂದ, ನ್ಯಾಯಾಧೀಶರು ಬರೆಯುವ ತೀರ್ಪಿಗೆ ‘ಜಡ್ಜ್‌ಮೆಂಟ್’ ಎಂಬುದೇ ಸರಿಯಾದ ಪದ.

‘ಕ್ಲೇಮ್’ ಇವುಗಳಿಗಿಂತ ಸೂಕ್ಷ್ಮವಾದದ್ದು. ಅದರ ಲ್ಯಾಟಿನ್ ಮೂಲಕ್ಕೆ ಕೂಗು ಎಂಬ ಅರ್ಥವಿದೆ, ಇಂದಿನ ಬಳಕೆಯಲ್ಲಿ ಅದಕ್ಕೆ ಸಂಶಯದ ನೆರಳೂ ತಾಗಿದೆ. ಸಾಕ್ಷಿ ಸುಮ್ಮನೆ ‘ಹೇಳಿದರು’ ಎಂದಿರುವಲ್ಲಿ ಈ ಪದವನ್ನು ಹಾಕಿದರೆ, ನ್ಯಾಯಾಧೀಶರಿಗಿಂತ ಮುಂಚೆ ಅನುವಾದಕರೇ ಅವರನ್ನು ಅನುಮಾನಿಸಿದಂತಾಗುತ್ತದೆ. ಇದು ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ದಾವೆಯ ಕಡತವನ್ನು ಮತ್ತೆ ಮೊದಲಿನಿಂದ ಓದಿದಾಗ, ಇನ್ನೂ ನಾಲ್ಕು ಕಡೆ ನಾನು ‘ಅಂತೆ’ಯನ್ನು ಕೈಬಿಟ್ಟಿದ್ದು ಕಂಡಿತು. ಈಗ ಕನ್ನಡ ಪ್ರತಿಯಲ್ಲಿ ಅಂದರು, ಅಂದುಕೊಂಡೆ, ಅಂತೆ ಎಂದು ಬಂದಲ್ಲೆಲ್ಲ ಮೊದಲೇ ಪೆನ್ಸಿಲಿನಿಂದ ಸುತ್ತು ಹಾಕಿಟ್ಟುಕೊಳ್ಳುತ್ತೇನೆ, ಮತ್ತು ಪ್ರತಿಯೊಂದು ಸುತ್ತಿಗೂ ಇಂಗ್ಲಿಷ್ ಪ್ರತಿಯಲ್ಲಿ ಸಮನಾದ ಮಾತು ಇದೆಯೆಂದು ಹೋಲಿಸಿ ನೋಡಿದ ಮೇಲೆಯೇ ಸಹಿ ಹಾಕುತ್ತೇನೆ.